ಲೆವೆಲ್ ಕಾಯ್ದೋರಿಗೆಲ್ಲಾ ಥ್ಯಾಂಕ್ಸ್

ಎಲ್ರಿಗೂ ನಮಸ್ಕಾರ. ನಮ್ ಯಜಮಾನ್ರಿಗೆ ಸಣ್ಣ ಕರುಳಿನ ಟ್ರಾನ್ಸ್‌ಪ್ಲಾಂಟ್ ಆಗಿ ಈ ತಿಂಗ್ಳಿಗೆ ಐದು ವರ್ಷ ತುಂಬ್ತು. ಕರುಳಿಗೆ ರಕ್ತ ಹೋಗೋ ನಾಳ ಬ್ಲಾಕ್ ಆಗಿ ಹೆಚ್ಚೂಕಮ್ಮಿ ಪೂರ್ತಿ ತೆಗೀಬೇಕಾಯ್ತು, ಆಮೇಲೆ ತಿಂದಿದ್ದು ಯಾವ್ದೂ ಮೈಗೆ ಹತ್ತದೆ ರಾತ್ರಿಯಿಡೀ ಟಿಪಿಎನ್ (ರಕ್ತನಾಳಕ್ಕೇ ನೇರವಾಗಿ ಕೊಡೋ ಆಹಾರ) ಹಾಕ್ಕೊಂಡೇ ಮಲಗೋರು, ಆ ಲೈನಿಗೆ ಪದೇ ಪದೇ ಇನ್‌ಫೆಕ್ಷನ್ ಬೇರೆ. ಅಂಗದಾನ ಮಾಡಿದ ಮನೆಯವ್ರು ಯಾರಂತ ನಮಗ್ಗೊತ್ತಿಲ್ಲ, ಅವ್ರಿಗೆ ಮೊದಲ ನಮಸ್ಕಾರ.

ಆಪರೇಶನ್ ಮಾಡಿದ ಡಾಕ್ಟ್ರನ್ನ ಎಲ್ರೂ ಹೊಗಳ್ತಾರೆ, ಹೊಗಳ್ಲೇಬೇಕು. ಆದ್ರೆ ಈ ಕರುಳು ಇಷ್ಟು ವರ್ಷ ಉಳ್ದಿರೋದು ಆಮೇಲೆ ನೋಡ್ಕೊಂಡೋರಿಂದ. ಕರುಳಿನ ಜೊತೆ ದಾನಿಯ ಬಿಳಿ ರಕ್ತಕಣಗಳೂ ರಾಶಿ ರಾಶಿ ಬರ್ತವೆ, ಒಳಗೆ ಬ್ಯಾಕ್ಟೀರಿಯಾ ಅಂತೂ ಸದಾ ಇದ್ದಿದ್ದೇ, ಹಾಗಾಗಿ ಲಿವರ್ ಕಿಡ್ನಿಗಿಂತ ಇದಕ್ಕೆ ರಿಜೆಕ್ಷನ್ ಕಾಟ, ಅಂದ್ರೆ ಮೈ ಹೊಸ ಅಂಗಾನ ಒಪ್ಪದೆ ಅದ್ರ ಮೇಲೆ ತಿರುಗಿ ಬೀಳೋದು, ಜಾಸ್ತಿ. ಅದನ್ನ ತಡೆಯೋ ಮಾತ್ರೆ ಟ್ಯಾಕ್ರೋಲಿಮಸ್, ರಕ್ತದಲ್ಲಿ ಅದ್ರ ಲೆವೆಲ್ ಇಳಿದ್ರೆ ರಿಜೆಕ್ಷನ್, ಏರಿದ್ರೆ ಕಿಡ್ನಿಗೆ ಪೆಟ್ಟು. 1984ರಲ್ಲಿ ಜಪಾನಿನ ತ್ಸುಕುಬಾದ ಮಣ್ಣಲ್ಲಿ ಸಿಕ್ಕ ಬ್ಯಾಕ್ಟೀರಿಯಾದಿಂದ ಬಂದ ಔಷಧಿ ಅಂತೆ ಇದು, ಆ ಮಣ್ಣಿಗೂ ಒಂದು ಕೈ ಮುಗೀತೀನಿ.

ಲ್ಯಾಬಿನ ಹುಡುಗ ಸೂಜಿ ಕೈಗೆತ್ಕೊಳ್ಳೋ ಮುಂಚೆ ಪ್ರತಿ ಸಲ "ಸರ್, ಬೆಳಗಿನ ಮಾತ್ರೆ ನುಂಗಿಲ್ಲ ತಾನೇ?" ಅಂತ ಕೇಳೋನು. ನುಂಗಿದ್ರೆ ಲೆವೆಲ್ ಏರಿಬಿಟ್ಟು ರಿಪೋರ್ಟಿಗೆ ಅರ್ಥವೇ ಇಲ್ಲ. ಕೋಆರ್ಡಿನೇಟರ್ ಸಿಸ್ಟರ್‌ಗೆ ಒಂದ್ಸಲ ಲೂಸ್ ಮೋಷನ್ ಅಂತ ಫೋನ್ ಮಾಡ್ದೆ, ನಾನೇನೋ ಮಾತ್ರೆಯೆಲ್ಲಾ ಹೊರಗೆ ಹೋಗಿರತ್ತೆ ಅನ್ಕೊಂಡಿದ್ರೆ ಅವ್ರು ಭೇದಿಯಾದಾಗ ಟ್ಯಾಕ್ರೋ ಲೆವೆಲ್ ಏರತ್ತಮ್ಮ, ಇವತ್ತೇ ಕರ್ಕೊಂಡ್ ಬನ್ನಿ ಅಂದ್ರು. ಏರೇ ಇತ್ತು! ರಿಜೆಕ್ಷನ್ ಶುರುವಾದಾಗ ಸ್ಟೋಮಾದಿಂದ (ಕರುಳಿನ ತುದೀನ ಹೊಟ್ಟೆ ಮೇಲೆ ಹೊರಗೆ ತೆರೆದಿಟ್ಟ ಬಾಯಿ) ಸ್ಕೋಪ್ ಹಾಕಿ ಬಯಾಪ್ಸಿ ತೆಗೆದು ಹಿಡಿದಿದ್ದು, ಸ್ಟಿರಾಯ್ಡ್ ಡೋಸ್ ಕೊಟ್ಟು ಇಳಿಸಿದ್ದು, ಆಮೇಲೆ ಕಿಡ್ನಿ ಉಳೀಲಿ ಅಂತ ಸಿರೋಲಿಮಸ್ ಅನ್ನೋ ರಿಜೆಕ್ಷನ್ ತಡೆಯೋ ಇನ್ನೊಂದು ಔಷಧಿ ಸೇರಿಸಿ ಟ್ಯಾಕ್ರೋ ಕಮ್ಮಿ ಮಾಡಿದ್ದು ಎಲ್ಲಾ ಆ ಟೀಮೇ.

ಇನ್ನು ನಮ್ಮತ್ತೆ. ನಮ್ದು ದೇವನಹಳ್ಳಿ, ಹಿತ್ತಲಲ್ಲೇ ಚಕ್ಕೋತ ಮರ. ದ್ರಾಕ್ಷಿಹಣ್ಣಲ್ಲ, ಆ ಗ್ರೇಪ್‌ಫ್ರೂಟ್ ಇದ್ಯಲ್ಲ, ಅದ್ರ ಹಾಗೆ ಚಕ್ಕೋತನೂ ಈ ಮಾತ್ರೆ ಲೆವೆಲ್ ಏರಿಸತ್ತೆ ಅಂತ ಡಾಕ್ಟ್ರು ಹೇಳಿದ್ದೇ ತಡ, ಮಗನ ಕಣ್ಣಿಗೆ ಬೀಳೋ ಮುಂಚೆ ಒಂದೊಂದು ಕಾಯಿನೂ ಕೀಳ್ಸಿ ಬೀದಿಗೆಲ್ಲಾ ಹಂಚಿಬಿಡ್ತಾರೆ, ಬೈಕೊಂಡೇ.

ಭಾನುವಾರ ಮನೇಲಿ ಊಟ ಇಟ್ಕೊಂಡಿದೀವಿ, ಎಲ್ರೂ ಬರ್ಬೇಕು. ನೆಗಡಿ ಜ್ವರ ಇರೋರು ಮಾತ್ರ ಬೇಜಾರ್ ಮಾಡ್ಕೋಬೇಡಿ, ಡಬ್ಬಿ ಕಳಿಸ್ತೀನಿ.