ಹುಟ್ಟು ಕೈಗಿತ್ತವರಿಗೆ

ಐರ್ಲೆಂಡಿನ ಡಿಂಗಲ್ ಪರ್ಯಾಯದ್ವೀಪದ ಈ ಬೇಸಿಗೆಯ ದೋಣಿ ಪಂದ್ಯಗಳು ಮುಗಿದವು. ನಮ್ಮ ಹೆಂಗಸರ ತಂಡ ಒಂದು ಕಪ್ಪನ್ನೂ ಗೆಲ್ಲಲಿಲ್ಲ. ಕೊನೆಯ ಪಂದ್ಯದಲ್ಲಿ ನಾವು ಗುರಿ ಮುಟ್ಟುವಾಗ ನಮಗಿಂತ ಮುಂದಿದ್ದವರು ದೋಣಿಯನ್ನು ದಡಕ್ಕೇರಿಸಿ ಚಹಾ ಕುಡಿಯುತ್ತಿದ್ದರು. ಆದರೂ ನಡುವೆ ಕೈಬಿಡದೆ ಮುಗಿಸಿದೆವು. ಅಪ್ಪ ಹೋದ ಮೇಲೆ ನಾನು ಮನಸ್ಸಿಟ್ಟು ಮಾಡಿ ಮುಗಿಸಿದ ಮೊದಲ ಕೆಲಸ ಇದು. ಹಾಗಾಗಿ ಕೆಲವರಿಗೆ ಎಲ್ಲರೆದುರೇ ಕೃತಜ್ಞತೆ ಹೇಳಬೇಕಿದೆ. ಹೆಸರು ಬರೆಯುವುದಿಲ್ಲ. ಕೆರಿಯ ಜನಕ್ಕೆ ಹೊಗಳಿಕೆ ಎಂದರೆ ಮೈಮೇಲೆ ಇರುವೆ ಬಿಟ್ಟ ಹಾಗೆ.

ಗೊತ್ತಿಲ್ಲದವರಿಗೆ ಹೇಳುತ್ತೇನೆ: ಐರ್ಲೆಂಡಿನ ನೈರುತ್ಯದ ಕೆರಿ ಕೌಂಟಿಯಲ್ಲಿ, ಟ್ರಾಲೀ ಎಂಬ ಊರಿನಲ್ಲಿ ನಾನು ನರ್ಸ್. ಅಪ್ಪ ಶಿವಮೊಗ್ಗ ಜಿಲ್ಲೆಯ ಸಾಗರದ ಮನೆಯಲ್ಲಿ ಹೃದಯಾಘಾತದಿಂದ ತೀರಿಕೊಂಡರು. ನಾನು ತಲುಪುವಷ್ಟರಲ್ಲಿ ಎಲ್ಲ ಮುಗಿದಿತ್ತು. ದೂರದೇಶದಲ್ಲಿರುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ವೈಕುಂಠ ಸಮಾರಾಧನೆ ಮುಗಿಸಿ ಮರಳಿ ಬಂದೆ, ಡ್ಯೂಟಿಗೆ ಹೋದೆ, ಯಾರು ಕೇಳಿದರೂ ಚೆನ್ನಾಗಿದ್ದೇನೆ ಎಂದೆ. ಅಮ್ಮನ ಜೊತೆ ಫೋನಿನಲ್ಲಿ ಅಡಿಕೆ ಧಾರಣೆಯ ಬಗ್ಗೆ ಮಾತನಾಡಿದೆ, ಮಳೆಯ ಬಗ್ಗೆ ಮಾತನಾಡಿದೆ. ಅಪ್ಪನ ಸುದ್ದಿಯನ್ನು ಇಬ್ಬರೂ ಎತ್ತಲಿಲ್ಲ.

ಮೊದಲ ಕೃತಜ್ಞತೆ ನನ್ನನ್ನು ಬಲವಂತವಾಗಿ ಸಿನಿಮಾ ನೋಡಲು ಕೂರಿಸಿದ ಸಹೋದ್ಯೋಗಿಗೆ. ಚಿತ್ರದ ಹೆಸರು ‘ತರಕ್’. ಡೆಕ್ಲನ್ ರೆಕ್ಸ್ ನಿರ್ದೇಶಿಸಿದ ಐರಿಷ್ ಭಾಷೆಯ ಚಿತ್ರ, 2022ರಲ್ಲಿ ಗಾಲ್ವೇ ಚಿತ್ರೋತ್ಸವದಲ್ಲಿ ಮೊದಲು ತೆರೆಕಂಡಿತ್ತು. ತಂದೆಗೆ ಹೃದಯಾಘಾತವಾಯಿತೆಂದು ಡಬ್ಲಿನ್‌ನಿಂದ ಕೆರಿಯ ಕಡಲೂರಿಗೆ ಮರಳುವ ಮಗಳು ಈಫಾ, ಅಲ್ಲಿನ ಹೆಂಗಸರ ದೋಣಿ ತಂಡ ಸೇರುತ್ತಾಳೆ. ಕಥೆ ಕ್ರೀಡಾ ಚಿತ್ರಗಳ ಸವೆದ ಹಾದಿಯಲ್ಲೇ ಸಾಗುತ್ತದೆ, ಮುಂದೇನಾಗುತ್ತದೆಂದು ಊಹಿಸುವುದು ಕಷ್ಟವಲ್ಲ. ಆದರೆ ಈಫಾಳಾಗಿ ಕೆಲ್ಲಿ ಗಾಫ್, ತಂದೆಯಾಗಿ ಲೋರ್ಕನ್ ಕ್ರ್ಯಾನಿಚ್ ಒಂದೇ ಸೂರಿನಡಿ ತೀರಿಹೋದ ತಾಯಿಯ ಮಾತೆತ್ತದೆ ಓಡಾಡುವುದನ್ನು ನೋಡುತ್ತ ನಾನು ಕುರ್ಚಿಯಲ್ಲಿ ಮುದುಡಿ ಕುಳಿತೆ. ಅದು ನಮ್ಮ ಮನೆಯ ಫೋನ್ ಸಂಭಾಷಣೆಯೇ ಆಗಿತ್ತು.

ಇಂಥ ಚಿತ್ರಗಳಿಗೆ ಹಣ ಹೊಂದಿಸುವ ‘ಸಿನೆ4’ ಯೋಜನೆಗೂ ಒಂದು ನಮಸ್ಕಾರ ಸಲ್ಲಬೇಕು. 2022ರ ಜನಗಣತಿಯ ಪ್ರಕಾರ ಶಾಲೆಯ ಹೊರಗೆ ದಿನವೂ ಐರಿಷ್ ಮಾತನಾಡುವವರು ಸುಮಾರು 72 ಸಾವಿರ. ನಮ್ಮ ಸಾಗರ ತಾಲ್ಲೂಕಿನಲ್ಲೇ ಅದಕ್ಕಿಂತ ಹೆಚ್ಚು ಜನರಿದ್ದಾರೆ. ಅಷ್ಟು ಜನರ ಭಾಷೆಯಲ್ಲಿ ಸಿನಿಮಾ ಮಾಡಿ ಚಿತ್ರಮಂದಿರಕ್ಕೆ ತರುತ್ತಾರೆ. ನಾವು ಕೋಟಿಗಟ್ಟಲೆ ಜನರಿದ್ದೂ ಪ್ರೇಕ್ಷಕರಿಲ್ಲ ಎಂದು ಗೊಣಗುತ್ತೇವೆ. ಇರಲಿ, ಆ ಜಗಳ ಇನ್ನೊಮ್ಮೆ.

ಸಿನಿಮಾ ಮುಗಿದ ಮೇಲೆ ಆ ಸಹೋದ್ಯೋಗಿ ಸಾಂತ್ವನದ ಮಾತು ಹೇಳಲಿಲ್ಲ. ‘ನಮ್ಮ ದೋಣಿಯಲ್ಲಿ ಒಂದು ಜಾಗ ಖಾಲಿ ಇದೆ, ಬರುತ್ತೀಯಾ?’ ಎಂದಳು, ಅಷ್ಟೇ. ಹುಟ್ಟು ಹಾಕಿ ಅಭ್ಯಾಸವಿಲ್ಲ ಎಂದೆ. ಅದಕ್ಕವಳು, ಇಲ್ಲಿ ಇರುವವರು ಮೂವರೇ, ನಾಲ್ಕು ಜನರಿಲ್ಲದೆ ದೋಣಿಯನ್ನು ಪಂದ್ಯಕ್ಕೆ ಇಳಿಸಲಾಗುವುದಿಲ್ಲ ಎಂದಳು. ಎಷ್ಟೋ ಜನ ನನ್ನ ಮೇಲೆ ಮರುಕ ತೋರಿಸಿದ್ದರು. ನನ್ನಿಂದ ಏನಾದರೂ ಬೇಕು ಎಂದು ಕೇಳಿದವರು ಇವರೇ ಮೊದಲು.

ಆ ದೋಣಿಗೆ ನೇವೋಗ್ ಎಂದು ಹೆಸರು. ತೆಳು ಮರಪಟ್ಟಿಗಳ ಹಂದರ, ಅದರ ಮೇಲೆ ಬಿಗಿದ ಕ್ಯಾನ್ವಾಸ್, ಅದಕ್ಕೆ ಬಳಿದ ಟಾರು. ಹಿಂದಿನ ಕಾಲದಲ್ಲಿ ಕ್ಯಾನ್ವಾಸಿನ ಬದಲು ಚರ್ಮವಿತ್ತು. ಎಷ್ಟು ಹಗುರವೆಂದರೆ ದೋಣಿಯನ್ನು ಬೋರಲು ಹಾಕಿ ನಾವೇ ಹೆಗಲ ಮೇಲೆ ಹೊತ್ತು ನೀರಿನವರೆಗೆ ನಡೆಯುತ್ತೇವೆ. ಒಬ್ಬೊಬ್ಬರಿಗೂ ಎರಡೆರಡು ಹುಟ್ಟು. ಹುಟ್ಟಿನ ತುದಿಯಲ್ಲಿ ಅಗಲವಾದ ಹಲಗೆ ಇರುವುದಿಲ್ಲ, ಉದ್ದಕ್ಕೂ ಹೆಚ್ಚುಕಡಿಮೆ ಕೋಲಿನಷ್ಟೇ ಸಪೂರ. ಅದಕ್ಕೆ ಜೋಡಿಸಿದ ಮರದ ತುಂಡಿನಲ್ಲಿ ಒಂದು ತೂತು, ಆ ತೂತು ದೋಣಿಯ ಅಂಚಿನ ಗೂಟಕ್ಕೆ ಕೂರುತ್ತದೆ. ಎರಡು ಹಿಡಿಗಳ ತುದಿಗಳು ಎದೆಯ ಮುಂದೆ ಒಂದರ ಮೇಲೊಂದು ಹಾಯುವುದರಿಂದ ಒಂದು ಕೈ ಮೇಲೆ, ಇನ್ನೊಂದು ಕೈ ಕೆಳಗೆ ಹೋಗಬೇಕು. ಕಲಿಯುವ ತನಕ ಬಲಗೈ ಎಡಗೈಯ ಗೆಣ್ಣುಗಳ ಚರ್ಮ ಸುಲಿಯುತ್ತದೆ. ವಾರ್ಡಿನಲ್ಲಿ ರೋಗಿಗಳು ನನ್ನ ಕೈ ನೋಡಿ, ಮನೆಯಲ್ಲಿ ಎಲ್ಲ ಸರಿಯಿದೆಯೇ ಎಂದು ಮೆಲ್ಲಗೆ ವಿಚಾರಿಸಿದ್ದುಂಟು.

ಕೈ ಸುಲಿದಾಗ ಬ್ಯಾಂಡೇಜ್ ಸುತ್ತಿದವಳಿಗೆ, ನನ್ನ ಹುಟ್ಟು ತನ್ನ ಬೆನ್ನಿಗೆ ಬಡಿದಾಗಲೆಲ್ಲ ಐರಿಷ್‌ನಲ್ಲಿ ಬೈದು ಮರುಕ್ಷಣ ಮರೆಯುತ್ತಿದ್ದವಳಿಗೆ, ತೇಲುಗುರುತನ್ನು ಸುತ್ತಿ ತಿರುಗುವಾಗ ಯಾವ ಬದಿಯ ಹುಟ್ಟು ತಡೆಯಬೇಕು, ಯಾವುದು ಎಳೆಯಬೇಕು ಎಂದು ಬೇಸರವಿಲ್ಲದೆ ಕೂಗಿ ಹೇಳಿದವಳಿಗೆ ನಾನು ಋಣಿ.

ನಮ್ಮ ದೋಣಿಯನ್ನು ದುರಸ್ತಿ ಮಾಡುವ ಹಿರಿಯರ ಬಗ್ಗೆ ಮಾತ್ರ ಸ್ವಲ್ಪ ಹೆಚ್ಚು ಬರೆಯಬೇಕು. ಟಾರು ಬಳಿಯುತ್ತಿದ್ದ ಒಂದು ಮಧ್ಯಾಹ್ನ ಅವರು ಎದುರಿನ ಬ್ಲಾಸ್ಕೆಟ್ ದ್ವೀಪದ ಕಥೆ ಹೇಳಿದರು. ಕುರಿ, ಹಿಟ್ಟಿನ ಮೂಟೆ, ಅಂಚೆ ಎಲ್ಲವೂ ಇದೇ ನೇವೋಗ್‌ಗಳಲ್ಲಿ ದಾಟುತ್ತಿದ್ದವು. ಯುವಕರು ಒಬ್ಬೊಬ್ಬರಾಗಿ ಅಮೆರಿಕಕ್ಕೆ ಹೋದರು, ಹುಟ್ಟು ಹಾಕುವ ತೋಳುಗಳೇ ಕಡಿಮೆಯಾದವು, ಕೊನೆಗೆ 1953ರ ನವೆಂಬರಿನಲ್ಲಿ ಸರ್ಕಾರ ದ್ವೀಪವನ್ನೇ ತೆರವು ಮಾಡಿಸಿತು. ಅದನ್ನು ಕೇಳುತ್ತ, ನಮ್ಮ ಅಪ್ಪನ ಊರೂ ಇಲ್ಲ ಎಂದು ನನ್ನ ಬಾಯಿಂದ ಬಂತು. 1964ರಲ್ಲಿ ಪೂರ್ಣಗೊಂಡ ಲಿಂಗನಮಕ್ಕಿ ಅಣೆಕಟ್ಟು, ಶರಾವತಿಯ ಹಿನ್ನೀರು, ಅದರಡಿ ಮುಳುಗಿದ ಗದ್ದೆ ತೋಟ, ಹುಡುಗನಾಗಿದ್ದ ಅಪ್ಪ, ಎಲ್ಲ ಹೇಳಿದೆ. ಸತ್ತ ಮೇಲೆ ಅಪ್ಪನ ಬಗ್ಗೆ ನಾನು ಬಾಯಿಬಿಟ್ಟದ್ದು ಆವತ್ತೇ. ಹಿರಿಯರು ಕುಂಚ ನಿಲ್ಲಿಸದೆ ಕೇಳಿಸಿಕೊಂಡು, ‘ಯಾವ ಬಗೆಯ ದೋಣಿಯಲ್ಲಿ ಹೊರಟರು?’ ಎಂದು ಕೇಳಿದರು. ನನಗೆ ಗೊತ್ತಿರಲಿಲ್ಲ.

ರಾತ್ರಿ ಅಮ್ಮನಿಗೆ ಫೋನ್ ಮಾಡಿ ಅದನ್ನೇ ಕೇಳಿದೆ. ‘ದೋಣಿ ಎಲ್ಲಿಂದ ಬಂತು? ನೀರು ಏರುವ ಮುಂಚೆಯೇ ಎತ್ತಿನ ಗಾಡಿಯಲ್ಲಿ ಹೊರಟದ್ದು. ನಿಮ್ಮಪ್ಪ ತುಳಸಿಕಟ್ಟೆಯ ಹತ್ತಿರ ಹೂತಿಟ್ಟ ಗೋಲಿಗಳಿಗಾಗಿ ಅರ್ಧ ದಾರಿಯಿಂದ ವಾಪಸು ಓಡಿದ್ದರಂತೆ’ ಎಂದು ಅಮ್ಮ ಶುರುಮಾಡಿದವರು, ಸಾಗರದಲ್ಲಿ ಹಾಲಿನವನು ಬಾಗಿಲು ತಟ್ಟುವವರೆಗೂ ಮಾತು ನಿಲ್ಲಿಸಲಿಲ್ಲ. ಅಮ್ಮನಿಗೂ ಅದು ಬೇಕಾಗಿತ್ತು ಎಂದು ನನಗೆ ಹೊಳೆದಿರಲಿಲ್ಲ. ಗಾಡಿಯ ವಿಷಯ ತಿಳಿಸಿದಾಗ ಹಿರಿಯರಿಗೆ ಸ್ವಲ್ಪ ನಿರಾಸೆಯೇ ಆಯಿತು.

ಡ್ಯೂಟಿ ಬದಲಾಯಿಸಿಕೊಂಡ ಗೆಳತಿಯರಿಗೂ, ಭಾನುವಾರಗಳಂದು ಸುಮಾರು 50 ಕಿಲೋಮೀಟರ್ ಕಾರು ಓಡಿಸಿ ಕರೆತಂದು, ಮಳೆಯಲ್ಲಿ ಛತ್ರಿ ಹಿಡಿದು ನಿಂತು, ಮಗಳಿಗೆ ಚಿತ್ರಾನ್ನ ತಿನ್ನಿಸುತ್ತ ಕಾದ ಗಂಡನಿಗೂ ಧನ್ಯವಾದ. ನಾವು ಕೊನೆಯವರಾಗಿ ಬಂದಾಗ ಅತಿ ಜೋರಾಗಿ ಚಪ್ಪಾಳೆ ತಟ್ಟಿದ್ದು ಅವರೇ. ಸೋಲು ಗೆಲುವಿನ ನಿಯಮ ಅವರಿಗೆ ಇನ್ನೂ ಅರ್ಥವಾದಂತಿಲ್ಲ.

ಈಗ ದೋಣಿ ಶೆಡ್ಡಿನಲ್ಲಿದೆ. ವಸಂತ ಬಂದ ಕೂಡಲೇ ಕ್ಯಾನ್ವಾಸಿನ ಹರುಕುಗಳಿಗೆ ತೇಪೆ ಹಾಕಿ ಮತ್ತೆ ಟಾರು ಬಳಿಯಬೇಕು. ಕೆರಿಯಲ್ಲಿ, ಕಾರ್ಕ್‌ನಲ್ಲಿ ಇರುವ ಕನ್ನಡದವರು ಯಾರಾದರೂ ಕೈಜೋಡಿಸುವುದಾದರೆ ಬನ್ನಿ. ಹಳೆಯ ಬಟ್ಟೆ ಹಾಕಿಕೊಂಡು ಬನ್ನಿ, ಟಾರು ತೊಳೆದರೆ ಹೋಗುವುದಿಲ್ಲ. ಮಧ್ಯಾಹ್ನದ ಊಟ ನಮ್ಮದು.