ಎಡಗಡೆ ಸ್ಪೀಕರಿನ ವಿಚಾರವಾಗಿ

ಪ್ರೀತಿಯ ಇಂಜಿನಿಯರ್ ಸಾಹೇಬರಿಗೆ,

ಹೀಗೆ ಕರೆದರೆ ನಿನಗೆ ಸಿಟ್ಟು ಬರುತ್ತದೆ ಅಂತ ಗೊತ್ತು. ಬರಲಿ. ನೀನು ನನ್ನ ಮೇಲೆ ಸಿಟ್ಟು ಮಾಡಿಕೊಂಡೇ ಬಹಳ ದಿನವಾಯಿತು. ಹೊಸ ವರ್ಷಕ್ಕೆ ನಿನ್ನದೊಂದು ಮೆಸೇಜು, ಅದಕ್ಕೆ ನನ್ನದೊಂದು ಕೈಮುಗಿದ ಚಿತ್ರ. ಅದಕ್ಕಿಂತ ಸಿಟ್ಟೇ ವಾಸಿ.

ಮತ್ತೆ ಸೆಪ್ಟೆಂಬರ್ 11 ಬಂತು. ಊರಿಗೆಲ್ಲ ಆ ತಾರೀಖು ಬೇರೆ ಕಾರಣಕ್ಕೆ ನೆನಪು. ನಮ್ಮಿಬ್ಬರಿಗೆ ಅದು ಅಜ್ಜ ಹೋದ ದಿನ. 2018ರಲ್ಲಿ ನೀನು ಫೋನ್ ಮಾಡಿ ‘ಅಜ್ಜ ಹೋದರು ಮಾರಾಯ’ ಅಂದೆ. ಪಕ್ಕದಲ್ಲಿದ್ದ ಅಮ್ಮ ಗಾಬರಿಯಾಗಿ ‘ಯಾವ ಅಜ್ಜ? ಯಾವಾಗ ಹೊರಡಬೇಕು?’ ಅಂತ ಕೇಳಿದಳು. ಕ್ಯಾಲಿಫೋರ್ನಿಯಾದ ಅಜ್ಜ ಅಂದೆ. ‘ನಮಗೆ ಅಲ್ಲಿ ಯಾರಿದ್ದಾರೋ?’ ಅಂದಳು. ಯಾರೂ ಇರಲಿಲ್ಲ, ನಿಜ. ಆದರೂ ಆ ಸಂಜೆ ನಾವಿಬ್ಬರೂ ಹೆಚ್ಚು ಮಾತಾಡಲಿಲ್ಲ.

ಪತ್ರ ನಿನಗೇ. ಆದರೆ ಇನ್ನೂ ನಾಲ್ಕು ಜನ ಓದುತ್ತಾರಲ್ಲ, ಅವರಿಗಾಗಿ ಎರಡು ಮಾತು. ನಿನಗೆ ಗೊತ್ತಿರುವುದೇ, ಸುಮ್ನೆ ಓದಿಕೊಂಡು ಹೋಗು. ಎಲ್ಲಾದರೂ ತಪ್ಪಿದ್ದರೆ ಕ್ಷಮಿಸು.

ಅಜ್ಜ ಅಂದರೆ ಸೀಗ್‌ಫ್ರೀಡ್ ಲಿಂಕ್‌ವಿಟ್ಸ್. 1935ರಲ್ಲಿ ಜರ್ಮನಿಯಲ್ಲಿ ಹುಟ್ಟಿದವರು. ಡಾರ್ಮ್‌ಸ್ಟಾಟ್‌ನಲ್ಲಿ ಇಂಜಿನಿಯರಿಂಗ್ ಓದಿ 1961ರಲ್ಲಿ ಅಮೆರಿಕಕ್ಕೆ ಹೋದರು. ಮೂವತ್ತಕ್ಕೂ ಜಾಸ್ತಿ ವರ್ಷ ಹ್ಯೂಲೆಟ್-ಪ್ಯಾಕರ್ಡ್‌ನಲ್ಲಿ ಕೆಲಸ. ಅಲ್ಲಿ ಅವರು ಸ್ಪೀಕರ್ ಮಾಡುತ್ತಿರಲಿಲ್ಲ, ರೇಡಿಯೋ ತರಂಗಗಳನ್ನು ಅಳೆಯುವ ಯಂತ್ರಗಳನ್ನು ಮಾಡುತ್ತಿದ್ದರು. ಸ್ಪೀಕರು ಏನಿದ್ದರೂ ಆಫೀಸು ಮುಗಿದ ಮೇಲಿನ ಹುಚ್ಚು. ಹಗಲೆಲ್ಲ ಅಳೆದು ಅಳೆದು, ಸಂಜೆ ಮನೆಗೆ ಬಂದು ಕಿವಿಗೊಟ್ಟು ಕೂರುವ ಮನುಷ್ಯ. ನನಗೆ ಅವರಲ್ಲಿ ಮೊದಲು ಹಿಡಿಸಿದ್ದೇ ಇದು. ಬರೀ ಅಳೆಯುವವರೂ ಬಹಳ ಜನ ಇದ್ದಾರೆ, ಬರೀ ಕೇಳುವವರೂ ಇದ್ದಾರೆ. ಎರಡನೇ ಪೈಕಿಯವರ ಬಾಯಿ ಸ್ವಲ್ಪ ಜೋರು. ಅದರಲ್ಲಿ ನಾನೂ ಒಬ್ಬ.

1976ರಲ್ಲಿ ಅವರೊಂದು ಲೇಖನ ಬರೆದರು. ಅದರಿಂದ ಬಂದ ಕ್ರಾಸ್‌ಓವರ್‌ಗೆ ಇವತ್ತಿಗೂ ಲಿಂಕ್‌ವಿಟ್ಸ್-ರೈಲಿ ಅಂತಲೇ ಹೆಸರು. ರೈಲಿ ಅಂದರೆ ರಸ್ ರೈಲಿ, ಅದೇ ಕಂಪನಿಯ ಸಹೋದ್ಯೋಗಿ. ಸ್ಪೀಕರಿನಲ್ಲಿ ದಪ್ಪ ದನಿಗೊಂದು ಡ್ರೈವರ್ (ಅದುರಿ ದನಿ ಹೊರಡಿಸುವ ಭಾಗ), ಸಣ್ಣ ದನಿಗೊಂದು ಡ್ರೈವರ್ ಇರುತ್ತದಲ್ಲ, ಯಾವುದು ಯಾರ ಪಾಲು ಅಂತ ಹಂಚುವುದು ಕ್ರಾಸ್‌ಓವರ್ ಕೆಲಸ. ತಕರಾರು ಇರುವುದು ಗಡಿಯಲ್ಲಿ. ಅಲ್ಲಿ ಇಬ್ಬರೂ ಒಂದೇ ಸ್ವರವನ್ನು ಹಾಡುತ್ತಿರುತ್ತಾರೆ. ಒಬ್ಬರು ಚೂರು ಹಿಂದೆ ಬಿದ್ದರೂ ದನಿ ನೇರ ನಮ್ಮ ಕಡೆ ಬರದೆ ಮೇಲಕ್ಕೋ ಕೆಳಕ್ಕೋ ವಾಲುತ್ತದೆ. ಆಗ ಚಾಲ್ತಿಯಲ್ಲಿದ್ದ ಕೆಲವು ಫಿಲ್ಟರುಗಳಲ್ಲಿ ಹೀಗೇ ಆಗುತ್ತಿತ್ತು.

ನೀನು ಇದನ್ನು ನನಗೆ ವಿವರಿಸಿದ್ದು ಮಂಚ ಸಾಗಿಸುವಾಗ. ಮೆಟ್ಟಿಲ ತಿರುವಿನಲ್ಲಿ ಮಂಚ ಸಿಕ್ಕಿಕೊಂಡಿತ್ತು. ಒಂದು ತುದಿಯಲ್ಲಿ ನೀನು, ಇನ್ನೊಂದು ತುದಿಯಲ್ಲಿ ನಾನು. ಬೆವರು ಕಣ್ಣಿಗೆ ಇಳಿಯುತ್ತಿದೆ, ನೀನು ಹೇಳುತ್ತಿದ್ದೀಯ: ‘ನೋಡು, ಇಲ್ಲಿ ಅರ್ಧ ಭಾರ ನಿಂದು, ಅರ್ಧ ನಂದು. ಇಬ್ಬರೂ ಒಂದೇ ಸಲ ಎತ್ತಬೇಕು. ಇದೇ ಮೈನಸ್ ಆರು ಡೆಸಿಬೆಲ್.’ ಗಡಿಯ ಜಾಗದಲ್ಲಿ ಎರಡೂ ಡ್ರೈವರ್‌ಗಳು ಸರಿಯಾಗಿ ಅರ್ಧರ್ಧಕ್ಕೆ ಇಳಿದಿರುತ್ತವೆ, ಹೆಜ್ಜೆ ಒಂದೇ ಇರುತ್ತದೆ, ಕೂಡಿದರೆ ಪೂರ್ತಿ. ಅಲ್ಲಿಂದಾಚೆ ಪ್ರತಿ ಸಪ್ತಕಕ್ಕೆ (ಆಕ್ಟೇವಿಗೆ) 24 ಡೆಸಿಬೆಲ್‌ನಂತೆ ಗಬಕ್ಕನೆ ಕೈಬಿಡುವುದು. ನೀನು ‘ಕೈಬಿಡುವುದು’ ಅನ್ನುವಾಗ ಹೇಳಿದ್ದನ್ನು ಮಾಡಿಯೂ ತೋರಿಸಿದೆ. ನನ್ನ ಹೆಬ್ಬೆರಳಿನ ಉಗುರು ಇವತ್ತಿಗೂ ಸೊಟ್ಟಗಿದೆ. ಅಷ್ಟು ಚೆನ್ನಾಗಿ ನನಗೆ ಯಾವ ಮೇಷ್ಟ್ರೂ ಪಾಠ ಮಾಡಿಲ್ಲ.

ಕೊನೆಕೊನೆಗೆ ಅಜ್ಜ ಡಬ್ಬಿಯನ್ನೇ ಬಿಟ್ಟುಬಿಟ್ಟರು. ಓರಿಯನ್, ಎಲ್‌ಎಕ್ಸ್521, ಇವೆಲ್ಲ ಬೆನ್ನು ತೆರೆದ ಸ್ಪೀಕರುಗಳು. ಮುಂದಕ್ಕೆ ಎಷ್ಟೋ ಹಿಂದಕ್ಕೂ ಅಷ್ಟೇ ದನಿ, ಪಕ್ಕಕ್ಕೆ ಹೆಚ್ಚುಕಡಿಮೆ ಏನೂ ಇಲ್ಲ. ಗೋಡೆಗೆ ಬಡಿದು ಬರುವ ದನಿ ಕೆಟ್ಟದ್ದಲ್ಲ, ಅದು ನೇರ ಬಂದ ದನಿಯ ಥರವೇ ಇರಬೇಕು, ಸ್ವಲ್ಪ ತಡವಾಗಿ ಬರಬೇಕು, ಅಷ್ಟಿದ್ದರೆ ಮೆದುಳು ಕೋಣೆಯನ್ನು ತಾನೇ ಪಕ್ಕಕ್ಕಿಡುತ್ತದೆ ಅನ್ನುವುದು ಅವರ ವಾದ. ಅದಕ್ಕೇ ಗೋಡೆಯಿಂದ ಒಂದು ಮೀಟರಾದರೂ ಈಚೆ ಇಡಿ ಅನ್ನುತ್ತಿದ್ದರು. ಆ ಒಂದು ಮೀಟರಿಗಾಗಿ ನಮ್ಮ ಮನೆಯಲ್ಲಿ ನಡೆದ ಮಾತುಕತೆ ಇಲ್ಲಿ ಬೇಡ.

ನಮ್ಮ ಕೈಲಾದದ್ದು ಪೈಪು. ಎಲ್‌ಎಕ್ಸ್‌ಮಿನಿ, ಅದೂ ಅಜ್ಜನದೇ ವಿನ್ಯಾಸ. ಪ್ಲಾನು ಕೊಂಡದ್ದು ನೀನು, ಪೈಪು ಕೊಯ್ದದ್ದು ನಾನು. ನೆಟ್ಟಗೆ ನಿಂತ ಒಂದು ಪಿವಿಸಿ ಪೈಪು, ಅದರ ಬಾಯಿಗೆ ಸೂರು ನೋಡುತ್ತಾ ಮಲಗಿದ ದಪ್ಪ ದನಿಯ ವೂಫರ್, ಅದರ ಮೇಲೆ ಅಡ್ಡಡ್ಡ ಇನ್ನೊಂದು ಗಿಡ್ಡ ಪೈಪು, ಅದರ ಮೂತಿಯಲ್ಲಿ ಸಣ್ಣ ಡ್ರೈವರ್. 700 ಹರ್ಟ್ಸ್ ಆಸುಪಾಸಿನಲ್ಲಿ ಗಡಿ. ಹ್ಯಾಕ್ಸಾ ಬ್ಲೇಡು ಮೂರು ಮುರಿದವು, ಉಪ್ಪುಕಾಗದ ಉಜ್ಜಿ ಉಜ್ಜಿ ಬೆರಳಿನ ಗುರುತೇ ಹೋಯಿತು. ಎರಡನ್ನೂ ತಂದು ನಿಲ್ಲಿಸಿದ ದಿನ ಅಮ್ಮ ಸುತ್ತ ಒಂದು ಸುತ್ತು ಬಂದು, ‘ನೀರು ಎಲ್ಲಿಂದ ಬರುತ್ತದೆ?’ ಅಂದಳು. ಹಾಡು ಹಾಕಿದ ಮೇಲೆ ಪೈಪಿನ ಹತ್ತಿರ ಕಿವಿ ತಂದು, ಇದರಿಂದ ಬರುತ್ತಿಲ್ಲವಲ್ಲ, ಆ ನಡುವಿನ ಖಾಲಿ ಜಾಗದಿಂದ ಬರುತ್ತಿದೆಯಲ್ಲ ಅಂದಳು. ಅಜ್ಜ ಇದ್ದಿದ್ದರೆ ಆ ಮಾತಿಗೆ ಎದ್ದು ಬಂದು ಕೈ ಹಿಡಿಯುತ್ತಿದ್ದರು.

ಎಡಗಡೆಯದಕ್ಕೆ ಸೋಲ್ಡರ್ ಹಾಕಿದ್ದು ನೀನು. ಬಲಗಡೆಯದಕ್ಕೆ ನಾನು. ಇದು ಎಲ್ಲರಿಗೂ ಗೊತ್ತು, ಯಾಕಂದ್ರೆ ಬಂದವರಿಗೆಲ್ಲ ನಾನೇ ಹೇಳುತ್ತಿದ್ದೆ.

ಈಗ ಬರೆಯಬೇಕಾದ್ದಕ್ಕೆ ಬಂದೆ. ಇಷ್ಟು ಹೊತ್ತು ಅಜ್ಜನ ಹೆಗಲ ಹಿಂದೆ ಅಡಗಿದ್ದೆ ಅಂತ ನೀನು ಆಗಲೇ ಕಂಡುಹಿಡಿದಿರುತ್ತೀಯ.

ಸುಮಾರು ಒಂದು ವರ್ಷ ಆದಮೇಲೆ ನಡುವಿನ ಆ ದನಿ ಬಲಕ್ಕೆ ಸರಿಯತೊಡಗಿತು. ಜಾಸ್ತಿಯಲ್ಲ, ಒಂದು ಗೇಣು. ಹಾಡುವವಳು ಕುರ್ಚಿ ಸ್ವಲ್ಪ ಆಚೆ ಎಳೆದುಕೊಂಡು ಕೂತ ಹಾಗೆ. ನಾನು ನಾಲ್ಕು ಜನ ಕೂತಿದ್ದಾಗಲೇ ಹೇಳಿದೆ: ‘ಎಡಗಡೆಯದು ಇವನ ಕೈಯದು, ಅದಕ್ಕೇ ಸ್ವಲ್ಪ ಮಂಕು.’ ಎಲ್ಲರೂ ನಕ್ಕರು. ನೀನೂ ನಕ್ಕೆ. ಮಾರನೇ ದಿನ ನೀನೇ ಸೋಲ್ಡರ್ ಕಡ್ಡಿ, ತಂತಿ ತಂದು ಎಲ್ಲ ಬಿಚ್ಚಿ ಮತ್ತೆ ಸೋಲ್ಡರ್ ಹಾಕಿದೆ. ನನಗೆ ಸಮಾಧಾನವಾಗಲಿಲ್ಲ. ನೀನು ಇನ್ನೊಂದು ಸಲ ಹಾಕಿದೆ. ಮೂರನೇ ಸಲ ನೀನು ಎರಡನ್ನೂ ಹೊರಗೆ ಬಯಲಿಗೆ ಹೊತ್ತುಕೊಂಡು ಹೋದೆ. ಅಜ್ಜನೂ ಗೋಡೆಗಳ ಕಾಟವಿಲ್ಲದ ಕಡೆ ಅಳೆಯುತ್ತಿದ್ದವರೇ. ಸ್ಟೂಲಿನ ಮೇಲೆ ಒಂದೊಂದಾಗಿ ಇಟ್ಟು, ಒಂದು ಮೀಟರ್ ದೂರಕ್ಕೆ ಮೈಕು ಹಿಡಿದು ಅಳೆದೆ. ಲ್ಯಾಪ್‌ಟಾಪ್ ನನ್ನ ಕಡೆ ತಿರುಗಿಸಿದೆ. ಎರಡು ಗೆರೆ, ಒಂದರ ಮೇಲೊಂದು. ನಡುವೆ ಕೂದಲು ತೂರುವಷ್ಟೂ ಜಾಗವಿಲ್ಲ.

ನಾನು ಏನಂದೆ ನೆನಪಿದೆಯಾ? ‘ಗ್ರಾಫು ಏನು ಬೇಕಾದರೂ ಹೇಳಲಿ. ನನ್ನ ಕಿವಿ ಸುಳ್ಳು ಹೇಳಲ್ಲ.’

ನೀನು ಏನೂ ಅನ್ನಲಿಲ್ಲ. ಲ್ಯಾಪ್‌ಟಾಪ್ ಮುಚ್ಚಿದೆ. ಕಡ್ಡಿ ಆರುವವರೆಗೂ ಕಾದು, ಬಟ್ಟೆಯಲ್ಲಿ ಸುತ್ತಿಕೊಂಡು ಹೊರಟೆ. ಆಮೇಲಿಂದಲೇ ಮೆಸೇಜು ಮತ್ತು ಕೈಮುಗಿದ ಚಿತ್ರ.

ಹೋದ ವರ್ಷ ಒಂದು ರಾತ್ರಿ ನಿದ್ದೆ ಬರದೆ ಸಣ್ಣಗೆ ಹಾಡು ಹಾಕಿಕೊಂಡು ಕೂತಿದ್ದೆ. ಕಣ್ಣಿಗೆ ಆಂಪ್ಲಿಫೈಯರಿನ ದೀಪ ಕುಕ್ಕುತ್ತಿತ್ತು. ಏಳಲು ಸೋಮಾರಿತನ, ಕುರ್ಚಿಯನ್ನೇ ತಿರುಗಿಸಿ ಸ್ಪೀಕರುಗಳಿಗೆ ಬೆನ್ನು ಹಾಕಿ ಕೂತೆ. ಈಗ ನಿನ್ನ ಸ್ಪೀಕರು ನನ್ನ ಬಲಕ್ಕೆ. ಅದು ಮಂಕಾಗಿದ್ದರೆ ಹಾಡುವವಳು ನನ್ನ ಎಡಕ್ಕೆ ಸರಿಯಬೇಕಿತ್ತು, ಅಲ್ವಾ? ಸರಿಯಲಿಲ್ಲ. ಬಲಕ್ಕೇ ಇದ್ದಳು. ಮತ್ತೆ ಮುಂದಕ್ಕೆ ತಿರುಗಿದೆ. ಬಲಕ್ಕೇ. ಮತ್ತೆ ಹಿಂದಕ್ಕೆ. ಎಷ್ಟು ಸಲ ತಿರುಗಿದೆನೋ. ರಾತ್ರಿ ಎರಡು ಗಂಟೆಗೆ ಕುರ್ಚಿ ಸಮೇತ ಗರಗರ ತಿರುಗುತ್ತಿರುವ ಗಂಡಸನ್ನು ಊಹಿಸಿಕೊ. ಎಷ್ಟು ತಿರುಗಿದರೂ ಅವಳು ನನ್ನ ಜೊತೆಗೇ ತಿರುಗುತ್ತಿದ್ದಳು.

ಕಿವಿ ಪರೀಕ್ಷೆ ಮಾಡಿಸಿದೆ. ಪೆಟ್ಟಿಗೆಯಂಥ ಕೋಣೆಯಲ್ಲಿ ಕೂರಿಸಿ, ಕೀಂ ಅಂದಾಗೆಲ್ಲ ಬಟನ್ ಒತ್ತು ಅನ್ನುತ್ತಾರೆ. ಬಲಗಿವಿಗೆ ಒತ್ತಿದೆ, ಒತ್ತಿದೆ. ಎಡಗಿವಿಯ ಸರದಿ ಬಂದಾಗ ಬಹಳ ಹೊತ್ತು ಕೈ ಸುಮ್ಮನೇ ಇತ್ತು. ಯಂತ್ರ ಕೆಟ್ಟಿದೆಯೇನೋ ಅಂತ ಗಾಜಿನಾಚೆ ನೋಡಿದೆ. ಆ ಹುಡುಗಿ ಸೂಕ್ಷ್ಮವಾಗಿ ಬೇರೆ ಕಡೆ ನೋಡಿದಳು. ಹಾಳೆಯಲ್ಲಿ 4000 ಹರ್ಟ್ಸ್ ಹತ್ತಿರ ಎಡಗಿವಿಯ ಗೆರೆ ಹಳ್ಳಕ್ಕೆ ಬಿದ್ದಿತ್ತು. ಗದ್ದಲದಿಂದ ಪೆಟ್ಟು ತಿಂದ ಕಿವಿ ಹೆಚ್ಚಾಗಿ ಅಲ್ಲೇ ಮೊದಲು ಕುಸಿಯುತ್ತದಂತೆ. ಹೋದದ್ದು ವಾಪಸ್ ಬರುವುದಿಲ್ಲ.

ಇಷ್ಟು ಹೇಳಿ ನಿಲ್ಲಿಸಬೇಕು ಅಂತಲೇ ಪತ್ರ ಶುರು ಮಾಡಿದ್ದು. ತಪ್ಪು ನನ್ನ ಕಿವಿಯದು, ನಿನ್ನ ಕೈಯದಲ್ಲ, ಕ್ಷಮಿಸು. ಮುಗಿಯಿತು. ಆದರೆ ಅದು ಪೂರ್ತಿ ನಿಜವಲ್ಲ.

ಪರೀಕ್ಷೆ ಆಗಿ ಎಂಟು ತಿಂಗಳಾಯಿತು. ಎಂಟು ತಿಂಗಳು ನಿನಗೆ ಫೋನ್ ಮಾಡಲಿಲ್ಲ. ಬದಲಿಗೆ ಎಡಗಡೆಯ ಮಟ್ಟವನ್ನು ಗುಟ್ಟಾಗಿ ಎರಡು ಡೆಸಿಬೆಲ್ ಏರಿಸಿದೆ. ನನ್ನ ಪಾಲಿಗೆ ಹಾಡುವವಳು ಹೆಚ್ಚುಕಡಿಮೆ ನಡುವಿಗೆ ಬಂದಳು. ಆದರೆ ಬೇರೆಯವರ ಕಿವಿ ನೆಟ್ಟಗಿದೆಯಲ್ಲ. ಒಂದು ದಿನ ಒಬ್ಬರು ಬಂದು ಕೇಳಿ, ‘ಚೆನ್ನಾಗಿದೆ, ಯಾಕೋ ದನಿ ಸ್ವಲ್ಪ ಎಡಕ್ಕೆ ವಾಲಿದೆ’ ಅಂದರು. ನನ್ನ ಬಾಯಲ್ಲಿ ಏನು ಬಂತು ಗೊತ್ತಾ? ‘ಹೌದು, ಆ ಕಡೆಯದನ್ನು ಮಾಡಿದವನ ಕೈ ಹಾಗೆ.’

ಎಲ್ಲ ಗೊತ್ತಿದ್ದೂ ಅಂದೆ ಮಾರಾಯ. ಸಲೀಸಾಗಿ ಬಂತು ಮಾತು. ಅವರು ಹೋದ ಮೇಲೆ ಬಹಳ ಹೊತ್ತು ದೀಪ ಹಾಕದೆ ಕೂತಿದ್ದೆ.

ಅಜ್ಜ ಓರಿಯನ್ ಪ್ಲಾನು ಕೊಟ್ಟು, ಜನ ಕಟ್ಟಿ, ಹೊಗಳಿ, ಎಲ್ಲ ಆದಮೇಲೆ, ಹಿಂದುಗಡೆಗೂ ಒಂದು ಸಣ್ಣ ದನಿಯ ಟ್ವೀಟರ್ ಇದ್ದರೆ ಇನ್ನೂ ಸರಿಯಾಗುತ್ತದೆ ಅಂತ ತಾವೇ ಸೇರಿಸಿದರು. ಎಲ್ಲರೆದುರಿಗೆ. ಅವರ ಬರಹದಲ್ಲಿ ಇಂಥವು ಎಷ್ಟೋ ಇವೆ: ಮೊದಲು ಹೀಗೆ ಅಂದುಕೊಂಡಿದ್ದೆ, ಈಗ ಹಾಗನ್ನಿಸುತ್ತದೆ ಅಂತ. ನಾನು ಅದನ್ನೆಲ್ಲ ಓದಿ ಏನು ಕಲಿತೆ? ಪೈಪು ಕೊಯ್ಯುವುದನ್ನು.

ಹೇಳದೆ ಇದ್ದದ್ದು ಬರೀ ಜಂಬದಿಂದ ಅಂತ ಬರೆದರೆ ನನಗೇ ಸಲೀಸು. ಹೆದರಿಕೆಯೂ ಇತ್ತು. ಬಹಳ ವರ್ಷದಿಂದ ನಾನು ಬಲ ಮಗ್ಗುಲಿಗೇ ಮಲಗುವುದು. ಆ ಕಡೆ ಮಲಗಿದರೆ ನಿದ್ದೆ ಚೆನ್ನಾಗಿ ಬರುತ್ತದೆ ಅಂದುಕೊಂಡಿದ್ದೆ. ಮೊನ್ನೆ ಹಾಸಿಗೆಯಲ್ಲಿ ಮಗ್ಗುಲು ಬದಲಿಸುತ್ತಾ ಗಮನಿಸಿದೆ. ಎಡಕ್ಕೆ ಮಲಗಿದರೆ ಹೊರಗೆ ಜೀರುಂಡೆಗಳ ಸದ್ದು. ಬಲಕ್ಕೆ ಹೊರಳಿ ಬಲಗಿವಿ ದಿಂಬಿಗೆ ಒತ್ತಿದ ತಕ್ಷಣ ಎಲ್ಲ ನಿಲ್ಲುತ್ತವೆ. ಯಾರೋ ಸ್ವಿಚ್ಚು ಆರಿಸಿದ ಹಾಗೆ. ಇಷ್ಟು ವರ್ಷ ಅದನ್ನು ನೆಮ್ಮದಿ ಅಂತ ಕರೆದುಕೊಂಡು ಮಲಗಿದ್ದೆ.

ಸಾಕು. ಇದು ಪತ್ರವಾಗಿ ಉಳಿಯುವುದಿಲ್ಲ, ವೈದ್ಯಕೀಯ ವರದಿಯಾಗುತ್ತದೆ. ಓದುತ್ತಿರುವ ಉಳಿದ ನಾಲ್ವರು ದಯವಿಟ್ಟು ‘ಬೇಗ ಗುಣವಾಗಲಿ’ ಅಂತ ಬರೆಯಬೇಡಿ. ಆಡಿಕೊಂಡಿದ್ದು ನಾಲ್ಕು ಜನರೆದುರು, ಹಾಗಾಗಿ ಒಪ್ಪಿಕೊಳ್ಳುವುದೂ ನಾಲ್ಕು ಜನರೆದುರೇ ಇರಲಿ ಅಂತ ಇಲ್ಲಿ ಬರೆದೆ, ಅಷ್ಟೆ. ನೀನು ಮಾತ್ರ ‘ಹೇಳಿದ್ದೆ’ ಅಂತ ಒಂದು ಸಲ ಅನ್ನಬಹುದು. ಎರಡು ಸಲ ಬೇಡ.

ಎಡಗಡೆಯ ಎರಡು ಡೆಸಿಬೆಲ್ ಇವತ್ತು ಬೆಳಿಗ್ಗೆ ತೆಗೆದೆ. ಈಗ ಎರಡೂ ಸಮ. ನಿನ್ನ ಗ್ರಾಫಿನಲ್ಲಿದ್ದ ಹಾಗೆ. ಹಾಡುವವಳು ಮತ್ತೆ ಗೇಣುದ್ದ ಬಲಕ್ಕೆ ಹೋಗಿ ಕೂತಿದ್ದಾಳೆ, ಇರಲಿ ಬಿಡು. ನಿನ್ನ ಸೋಲ್ಡರ್ ಕಡ್ಡಿಯ ಸ್ಟ್ಯಾಂಡು ನನ್ನಲ್ಲೇ ಉಳಿದಿದೆ, ಅದರ ಸ್ಪಂಜು ಒಣಗಿ ರೊಟ್ಟಿಯ ಹಾಗಾಗಿದೆ. ಬಂದು ತೆಗೆದುಕೊಂಡು ಹೋಗು. ಬಂದರೆ ನನ್ನ ಬಲಗಡೆಗೆ ಕೂತುಕೋ. ಎಡಗಡೆ ಕೂತು ಬೈದರೆ ಅರ್ಧ ದಂಡ.

ಇತಿ,
ಎಡಗಿವಿಯ ಪಂಡಿತ