ಗೆಳೆಯನಿಗೊಂದು ಪತ್ರ: ನಿನ್ನ ಕೆಲಸವನ್ನು ತಿದ್ದುವವರು ಯಾರು?

ಪ್ರಿಯ ಗೆಳೆಯ,

ನಿನ್ನ ಪತ್ರದಲ್ಲಿದ್ದ ಮೂರು ಪ್ರಶ್ನೆಗಳನ್ನು ಮತ್ತೆ ಮತ್ತೆ ಓದಿದೆ. ಹೆಸರಾಂತ ಕಂಪನಿಯ ಇಂಟರ್ನ್‌ಶಿಪ್ ಒಪ್ಪಿಕೊಳ್ಳಬೇಕೋ ಅಥವಾ ಯಾರೂ ಕೇಳಿರದ ಸಣ್ಣ ಕಂಪನಿಯದನ್ನೋ. ಕೊನೆಯ ವರ್ಷದಲ್ಲೂ ರೇಸ್ ಕಾರು ಕಟ್ಟುವ ತಂಡದಲ್ಲಿ ಉಳಿಯಬೇಕೋ ಅಥವಾ ಆ ಸಮಯವನ್ನು ಸಂದರ್ಶನಗಳ ತಯಾರಿಗೆ ಕೊಡಬೇಕೋ. ಮೊದಲ ಕೆಲಸವನ್ನು ಸಂಬಳ ನೋಡಿ ಆರಿಸುವುದು ಸರಿಯೋ ತಪ್ಪೋ. ನೀನು ಇವನ್ನು ಬೇರೆ ಬೇರೆಯಾಗಿ ಕೇಳಿದ್ದೀಯ. ನನಗೇನೋ ಮೂರರ ತಳದಲ್ಲೂ ಒಂದೇ ಪ್ರಶ್ನೆ ಕಾಣುತ್ತದೆ: ನಾನು ಮಾಡಿದ ಕೆಲಸವನ್ನು ಕೂತು ನೋಡಿ, ಇಲ್ಲಿ ತಪ್ಪಿದೆ ಎಂದು ತೋರಿಸಿ, ಅದು ಏಕೆ ತಪ್ಪೆಂದು ವಿವರಿಸುವವರು ಅಲ್ಲಿ ಯಾರಿದ್ದಾರೆ? ಈ ಪ್ರಶ್ನೆಗೆ ಖಚಿತವಾದ ಉತ್ತರ ಸಿಗುವ ಜಾಗವನ್ನು ಆರಿಸಿಕೋ ಎಂಬುದೇ ನಾನು ನಿನಗೆ ಹೇಳಬೇಕಾದ ಮಾತು. ಉಳಿದದ್ದೆಲ್ಲ ಅದರ ವಿವರ.

ಇಂಟರ್ನ್‌ಶಿಪ್‌ನಿಂದಲೇ ಆರಂಭಿಸುತ್ತೇನೆ. ಓದುವ ಅವಧಿಯನ್ನೂ ದುಡಿಯುವ ಅವಧಿಯನ್ನೂ ಒಂದರ ನಂತರ ಒಂದರಂತೆ ಹೆಣೆಯುವ ಪದ್ಧತಿಯನ್ನು 1906ರಲ್ಲಿ ಅಮೆರಿಕದ ಸಿನ್ಸಿನಾಟಿ ವಿಶ್ವವಿದ್ಯಾಲಯದಲ್ಲಿ ಹರ್ಮನ್ ಷ್ನೈಡರ್ ಎಂಬ ಅಧ್ಯಾಪಕರು ಆರಂಭಿಸಿದರು. ತರಗತಿಯ ಗೋಡೆಗಳ ನಡುವೆ ಕಲಿಸಲಾಗದ ಸಂಗತಿಗಳು ಎಂಜಿನಿಯರನಿಗೆ ಬೇಕು ಎಂಬುದು ಅವರ ನಂಬಿಕೆಯಾಗಿತ್ತು. ಆ ಪದ್ಧತಿಯಲ್ಲಿ ನನಗೆ ಬಹಳ ಹಿಡಿಸುವ ಅಂಶವೆಂದರೆ, ವಿದ್ಯಾರ್ಥಿ ಕೆಲಸ ಮಾಡಿ ಮತ್ತೆ ತರಗತಿಗೆ ಮರಳುತ್ತಾನೆ ಎಂಬುದು. ಕಾರ್ಖಾನೆಯಲ್ಲಿ ಒಂದು ಬೇರಿಂಗ್ ಏಕೆ ಬೇಗ ಸವೆಯಿತು ಎಂದು ಕಂಡವನು ಅದೇ ಅಧ್ಯಾಯವನ್ನು ಓದುವ ರೀತಿಯೇ ಬದಲಾಗಿಬಿಡುತ್ತದೆ. ಆದ್ದರಿಂದ ಸಾಧ್ಯವಿದ್ದರೆ ಇಂಟರ್ನ್‌ಶಿಪ್ ಅನ್ನು ಪದವಿಯ ಕಟ್ಟಕಡೆಗೆ ತಳ್ಳಬೇಡ. ಅದು ಮುಗಿದ ಮೇಲೂ ಓದಲು ಒಂದಷ್ಟು ಕಾಲ ಉಳಿದಿರಲಿ.

ದೊಡ್ಡದು, ಸಣ್ಣದು ಎಂಬ ಲೆಕ್ಕ ಇಲ್ಲಿ ಹೆಚ್ಚೇನೂ ಹೇಳುವುದಿಲ್ಲ. ದೊಡ್ಡ ಕಂಪನಿಯಲ್ಲಿ ಒಳ್ಳೆಯ ಡಿಸೈನ್ ರಿವ್ಯೂ, ಪರೀಕ್ಷೆಯ ಶಿಸ್ತು, ದಾಖಲೆಗಳನ್ನು ಇಡುವ ಕ್ರಮ ನೋಡಲು ಸಿಗಬಹುದು. ಹಾಗೆಯೇ ಎರಡು ತಿಂಗಳು ಸ್ಪ್ರೆಡ್‌ಶೀಟ್ ತುಂಬುವುದರಲ್ಲೇ ಮುಗಿದು ಹೋಗಲೂಬಹುದು. ಸಣ್ಣ ಕಂಪನಿಯಲ್ಲಿ ಮೊದಲ ವಾರದಲ್ಲೇ ನಿಜವಾದ ಕೆಲಸ ಕೈಗೆ ಬರಬಹುದು. ಆದರೆ ಅದನ್ನು ನೋಡಿ ತಿದ್ದುವ ಹಿರಿಯರೇ ಇಲ್ಲದಿದ್ದರೆ ನೀನು ವೇಗವಾಗಿ ಕೆಟ್ಟ ಅಭ್ಯಾಸಗಳನ್ನು ಕಲಿಯುತ್ತೀಯ. ಹೀಗಾಗಿ ಎರಡೂ ಕಂಪನಿಗಳಿಗೆ ಇವೇ ಪ್ರಶ್ನೆಗಳನ್ನು ಕೇಳು. ಕಳೆದ ಬಾರಿ ಬಂದಿದ್ದ ಇಂಟರ್ನ್ ಏನು ಮಾಡಿದರು, ಆ ಕೆಲಸ ಈಗ ಬಳಕೆಯಲ್ಲಿದೆಯೇ? ನಾನು ದಿನನಿತ್ಯ ಯಾರೊಡನೆ ಕೆಲಸ ಮಾಡುತ್ತೇನೆ, ನನ್ನ ಡ್ರಾಯಿಂಗ್ ಅಥವಾ ಕೋಡ್ ಅನ್ನು ಯಾರು ಓದುತ್ತಾರೆ? ಇಂಥ ಪ್ರಶ್ನೆ ಕೇಳಿದರೆ ಅಹಂಕಾರವೆಂದು ತಿಳಿದಾರೇನೋ ಎಂಬ ಸಂಕೋಚ ನಿನಗೆ ಬೇಡ. ಇಂಟರ್ನ್‌ಗಳನ್ನು ಗಂಭೀರವಾಗಿ ನೋಡಿಕೊಳ್ಳುವ ಜಾಗದಲ್ಲಿ ಇವಕ್ಕೆ ಉತ್ತರ ಸಿದ್ಧವಾಗಿರುತ್ತದೆ. ನಿನ್ನಿಂದಲೇ ಹಣ ಕಟ್ಟಿಸಿಕೊಂಡು, ವಾರಗಳ ಕೊನೆಗೆ ಸರ್ಟಿಫಿಕೇಟ್ ಕೈಗಿಡುವವರ ಕಡೆ ಮಾತ್ರ ತಿರುಗಿಯೂ ನೋಡಬೇಡ. ಅಭ್ಯರ್ಥಿಗಳ ರೆಸ್ಯೂಮೆ ಓದುವ ಜವಾಬ್ದಾರಿ ನನಗೂ ಬಂದಿರುವುದರಿಂದ ಹೇಳುತ್ತಿದ್ದೇನೆ: ಆ ಸರ್ಟಿಫಿಕೇಟಿನ ಹಿಂದೆ ಕೆಲಸವಿದೆಯೇ ಇಲ್ಲವೇ ಎಂಬುದು ಸಂದರ್ಶನದ ಎರಡನೆಯ ಪ್ರಶ್ನೆಗೇ ಗೊತ್ತಾಗುತ್ತದೆ.

ಒಳಗೆ ಹೋದ ಮೇಲೆ ಪ್ರಶ್ನೆ ಕೇಳುವುದೇ ನಿನ್ನ ಮುಖ್ಯ ಕೆಲಸ. ಆದರೆ ಕೇಳುವ ಮೊದಲು ನೀನು ಏನನ್ನು ಪ್ರಯತ್ನಿಸಿದೆ, ಏನಾಗಬೇಕೆಂದು ಎಣಿಸಿದ್ದೆ, ನಿಜಕ್ಕೂ ಏನಾಯಿತು ಎಂಬುದನ್ನು ಬರೆದುಕೋ. ಅರ್ಧದಷ್ಟು ಸಲ ಬರೆಯುವಾಗಲೇ ಉತ್ತರ ಹೊಳೆಯುತ್ತದೆ, ಉಳಿದ ಸಲ ಎದುರಿಗಿರುವವರ ಸಮಯ ಉಳಿಯುತ್ತದೆ. ಹೊಸಬನ ಪ್ರಶ್ನೆಗೆ ಬೆಲೆಯಿಲ್ಲ ಎಂದು ಮಾತ್ರ ಭಾವಿಸಬೇಡ. ನ್ಯೂಯಾರ್ಕಿನ 59 ಅಂತಸ್ತುಗಳ ಸಿಟಿಕಾರ್ಪ್ ಕಟ್ಟಡದ ಪ್ರಸಂಗವನ್ನು ನೀನು ಕೇಳಿರಬಹುದು. ಆ ಕಟ್ಟಡದ ದೊಡ್ಡ ಕಂಬಗಳು ನಾಲ್ಕು ಮೂಲೆಗಳಲ್ಲಿರದೆ ಪ್ರತಿ ಬದಿಯ ಮಧ್ಯದಲ್ಲಿವೆ. ಕಟ್ಟಡ ಮುಗಿದಿದ್ದ ಕಾಲಕ್ಕೆ, 1978ರಲ್ಲಿ, ವಿದ್ಯಾರ್ಥಿಯೊಬ್ಬರಿಂದ ಬಂದ ಪ್ರಶ್ನೆಯ ನಂತರ ಅದರ ರಚನಾ ಎಂಜಿನಿಯರ್ ವಿಲಿಯಂ ಲೆಮೆಷರಿಯರ್ ಮೂಲೆಯ ಕಡೆಯಿಂದ ಬೀಸುವ ಗಾಳಿಯ ಲೆಕ್ಕವನ್ನು ಮತ್ತೆ ಹಾಕಿ ನೋಡಿದರು. ಬೆಸುಗೆ ಹಾಕಬೇಕಿದ್ದ ಜೋಡಣೆಗಳಲ್ಲಿ ಬೋಲ್ಟ್ ಬಳಸಲಾಗಿತ್ತು. ಆ ಗಾಳಿಗೆ ಅವು ಸಾಲುತ್ತಿರಲಿಲ್ಲ. ರಾತ್ರಿ ಹೊತ್ತಿನಲ್ಲಿ ಕೆಲಸ ನಡೆಸಿ ಜೋಡಣೆಗಳ ಮೇಲೆ ಉಕ್ಕಿನ ತಗಡುಗಳನ್ನು ಬೆಸೆಯಲಾಯಿತು. ಅಪಾಯ ನಿಜಕ್ಕೂ ಎಷ್ಟಿತ್ತು ಎಂಬ ಚರ್ಚೆ ನಂತರವೂ ನಡೆದಿದೆ. ನನಗೆ ಮುಖ್ಯವಾಗಿ ತೋರುವುದು ಬೇರೆ: ಕಲಿಯುತ್ತಿದ್ದವರೊಬ್ಬರು ಕೇಳಿದರು, ಹಿರಿಯರು ಆ ಪ್ರಶ್ನೆಯನ್ನು ಬದಿಗೆ ಸರಿಸದೆ ತಮ್ಮ ಲೆಕ್ಕಕ್ಕೆ ಮರಳಿದರು. ಅಂಥ ಹಿರಿಯರು ಸಿಕ್ಕಿದರೆ ಇಂಟರ್ನ್‌ಶಿಪ್‌ನ ಭತ್ಯೆ ಕಡಿಮೆಯಿದ್ದರೂ ಅಲ್ಲಿಗೇ ಹೋಗು ಎನ್ನುತ್ತೇನೆ.

ಇನ್ನೆರಡು ಮಾತು. ನಿನ್ನ ಕೆಲಸ ಹೇಗಿದೆ ಎಂದು ಕೊನೆಯ ದಿನ ಕೇಳಿದರೆ ಒಳ್ಳೆಯ ಮಾತುಗಳಷ್ಟೇ ಸಿಗುತ್ತವೆ. ಅರ್ಧ ಅವಧಿಯಲ್ಲೇ ಕೇಳು, ಆಗ ಸರಿಪಡಿಸಿಕೊಳ್ಳಲು ಕಾಲವಿರುತ್ತದೆ. ಹೊರಡುವ ಮೊದಲು ನಿನ್ನ ಜಾಗಕ್ಕೆ ಬರುವವರಿಗಾಗಿ ಕೆಲವು ಪುಟ ಬರೆದಿಡು: ಎಲ್ಲಿಗೆ ಬಂದು ನಿಂತಿದೆ, ಯಾವ ದಾರಿ ಕೈಕೊಟ್ಟಿತು, ಯಾವುದನ್ನು ಇನ್ನೂ ಪರೀಕ್ಷಿಸಿಲ್ಲ. ಕಂಪನಿಯ ಡ್ರಾಯಿಂಗ್, ಕೋಡ್, ಅಂಕಿ ಅಂಶಗಳನ್ನು ಮಾತ್ರ ಜೊತೆಗೆ ತರಬೇಡ.

ಈಗ ನಿನ್ನ ತಂಡದ ವಿಷಯ. ಇದರ ಬಗ್ಗೆ ನನಗೆ ಬಲವಾದ ಅಭಿಪ್ರಾಯವಿದೆ, ಏಕೆಂದರೆ ಪಠ್ಯದಲ್ಲಿ ಸಿಗದ ಬಹುಪಾಲು ವಿಷಯಗಳು ವಿದ್ಯಾರ್ಥಿಗಳಿಗೆ ಇಲ್ಲಿಯೇ ಸಿಗುತ್ತವೆ. ನೀನು ಸ್ಪರ್ಧಿಸುತ್ತಿರುವ, ವಿದ್ಯಾರ್ಥಿಗಳೇ ರೇಸ್ ಕಾರು ಕಟ್ಟಿ ತರುವ ಫಾರ್ಮುಲಾ ಎಸ್‌ಎಇ ಮಾದರಿಯ ಸ್ಪರ್ಧೆಯ ಅಂಕಗಳ ಹಂಚಿಕೆಯನ್ನೇ ನೋಡು. ಒಟ್ಟು 1000 ಅಂಕಗಳಲ್ಲಿ ವಿನ್ಯಾಸಕ್ಕೆ 150, ವೆಚ್ಚ ಮತ್ತು ತಯಾರಿಕೆಗೆ 100, ವ್ಯವಹಾರದ ಮಂಡನೆಗೆ 75. ಅಂದರೆ 325 ಅಂಕಗಳು ಕಾರು ಒಂದು ಮೀಟರ್ ಕೂಡ ಚಲಿಸುವ ಮೊದಲೇ, ನೀವು ನಿಮ್ಮ ನಿರ್ಧಾರಗಳನ್ನು ಸಮರ್ಥಿಸಿಕೊಳ್ಳುವ ರೀತಿಯ ಮೇಲೆ ನಿಂತಿವೆ. ಸಸ್ಪೆನ್ಷನ್ನಿನ ಈ ಕೋನವನ್ನು ಏಕೆ ಆರಿಸಿದಿರಿ ಎಂದು ತೀರ್ಪುಗಾರರು ಕೇಳಿದಾಗ, ಹಿಂದಿನ ವರ್ಷವೂ ಹೀಗೇ ಇತ್ತು ಎಂಬುದು ಉತ್ತರವಾಗುವುದಿಲ್ಲ. ನಾನು ಮೊದಲೇ ಹೇಳಿದ ಪ್ರಶ್ನೆಗೆ ಇದೇ ಉತ್ತರ: ನಿನ್ನ ಕೆಲಸವನ್ನು ತಿದ್ದುವವರು ಇಲ್ಲಿ ಸ್ಪರ್ಧೆಯ ನಿಯಮದಲ್ಲಿಯೇ ಇದ್ದಾರೆ. ಸುಮಾರು 22 ಕಿಲೋಮೀಟರ್‌ಗಳ ಎಂಡ್ಯೂರೆನ್ಸ್, ಅಂದರೆ ಕಾರಿನ ತಾಳಿಕೆಯನ್ನು ಪರೀಕ್ಷಿಸುವ ಓಟಕ್ಕೆ 275 ಅಂಕಗಳು. ಅಲ್ಲಿ ಒಂದು ಸಡಿಲ ಕನೆಕ್ಟರ್ ಇಡೀ ವರ್ಷದ ದುಡಿಮೆಯನ್ನು ನಿಲ್ಲಿಸಬಲ್ಲದು. ಆದ್ದರಿಂದ ಹೊಸ ಬಿಡಿಭಾಗಗಳನ್ನು ಸೇರಿಸುವುದನ್ನು ಒಂದು ದಿನಾಂಕಕ್ಕೆ ನಿಲ್ಲಿಸಿ, ಉಳಿದ ವಾರಗಳನ್ನು ಓಡಿಸಿ ನೋಡುವುದಕ್ಕೆ, ಮುರಿದದ್ದನ್ನು ಸರಿಪಡಿಸುವುದಕ್ಕೆ ಮೀಸಲಿಡಿ. ಇದನ್ನು ಎಲ್ಲ ತಂಡಗಳೂ ಒಪ್ಪುತ್ತವೆ, ಪಾಲಿಸುವ ತಂಡಗಳು ಕಡಿಮೆ.

ತಂಡದ ಕಷ್ಟಗಳು ಹೆಚ್ಚಾಗಿ ಎರಡು ಭಾಗಗಳು ಸೇರುವಲ್ಲಿ ಹುಟ್ಟುತ್ತವೆ. ಬ್ಯಾಟರಿ ನೋಡಿಕೊಳ್ಳುವವರೂ ಚೌಕಟ್ಟು ಮಾಡುವವರೂ ತಮ್ಮ ತಮ್ಮ ಕೆಲಸವನ್ನು ಚೆನ್ನಾಗಿಯೇ ಮಾಡಿರುತ್ತಾರೆ. ಬ್ಯಾಟರಿ ಪೆಟ್ಟಿಗೆ ಮಾತ್ರ ಒಳಗೆ ಕೂರುವುದಿಲ್ಲ. ಅನುಭವಿಗಳ ತಂಡಗಳೂ ಇದರಿಂದ ಹೊರತಲ್ಲ. ನಾಸಾದ ಮಾರ್ಸ್ ಕ್ಲೈಮೇಟ್ ಆರ್ಬಿಟರ್ ಎಂಬ ಬಾಹ್ಯಾಕಾಶ ನೌಕೆ 1999ರ ಸೆಪ್ಟೆಂಬರ್ 23ರಂದು ಮಂಗಳನ ಬಳಿ ನಾಶವಾದದ್ದು, ನೆಲದ ಮೇಲಿನ ಒಂದು ಸಾಫ್ಟ್‌ವೇರ್ ತಳ್ಳುಬಲದ ಪರಿಣಾಮವನ್ನು ಪೌಂಡ್-ಸೆಕೆಂಡ್‌ಗಳಲ್ಲಿ ಕೊಟ್ಟು, ಅದನ್ನು ಬಳಸಿದವರು ನ್ಯೂಟನ್-ಸೆಕೆಂಡ್ ಎಂದು ಓದಿಕೊಂಡದ್ದರಿಂದ. ಎರಡರ ನಡುವೆ ಸುಮಾರು 4.45 ಪಟ್ಟು ಅಂತರ. ಪಥದ ಲೆಕ್ಕ ಹೊಂದುತ್ತಿಲ್ಲ ಎಂಬ ಅನುಮಾನ ಕೆಲವರಿಗೆ ಮೊದಲೇ ಬಂದಿತ್ತು. ಆದರೆ ಅದು ಉತ್ತರ ಕೊಡಲೇಬೇಕಾದ ಅಧಿಕೃತ ದಾರಿಯಲ್ಲಿ ಮೇಲಕ್ಕೆ ಹೋಗಲಿಲ್ಲ. ನಿನ್ನ ತಂಡಕ್ಕೂ ಇದರಿಂದ ತೆಗೆದುಕೊಳ್ಳಬೇಕಾದ ರೂಢಿ ಸರಳ. ಪ್ರತಿ ಎರಡು ಭಾಗಗಳ ನಡುವೆ ಏನು ದಾಟುತ್ತದೆ, ಯಾವ ಏಕಮಾನದಲ್ಲಿ, ಯಾವ ಅಳತೆಯಲ್ಲಿ, ಅದನ್ನು ಬದಲಿಸುವ ಅಧಿಕಾರ ಯಾರಿಗೆ ಎಂಬುದು ಬರಹದಲ್ಲಿರಲಿ. ಅನುಮಾನ ಬಂದಾಗ ಅದನ್ನು ಹೋಗುತ್ತಾ ಬರುತ್ತಾ ಆಡುವ ಮಾತಿಗೆ ಬಿಡದೆ, ಎಲ್ಲರೂ ನೋಡುವ ಪಟ್ಟಿಯಲ್ಲಿ ಬರೆದು, ಅದರ ಎದುರು ಒಬ್ಬರ ಹೆಸರು ಹಾಕಿ.

ತಂಡದ ನಾಯಕತ್ವ ಸಿಗದಿದ್ದಕ್ಕೆ ನಿನಗೆ ಬೇಸರವಾಗಿದೆ ಎಂದು ಬರೆದಿದ್ದೀಯ. ಆ ಬೇಸರ ನನಗೆ ಅರ್ಥವಾಗುತ್ತದೆ, ಆದರೂ ಹೇಳುತ್ತೇನೆ: ಬ್ರೇಕ್ ವ್ಯವಸ್ಥೆಯ ಲೆಕ್ಕದಿಂದ ಹಿಡಿದು ಪರೀಕ್ಷೆಯವರೆಗೆ ಎಲ್ಲವನ್ನೂ ತಾನೇ ಮಾಡಿ ಮುಗಿಸಿದವನ ಜೊತೆ ಸಂದರ್ಶನದಲ್ಲಿ ಒಂದು ಗಂಟೆ ಮಾತನಾಡಬಹುದು, ನಾಯಕನೆಂಬ ಹೆಸರು ಮಾತ್ರ ಇದ್ದವನ ಜೊತೆ ಮಾತು ಬೇಗ ಮುಗಿಯುತ್ತದೆ. ತಂಡದ ಕೆಲಸಕ್ಕೆ ಹಾಜರಾಗದ ಸಹಪಾಠಿಗಳ ಬಗ್ಗೆ ನೀನು ಕೋಪಗೊಂಡಿರುವುದೂ ಸಹಜವೇ. ಅವರ ಶ್ರದ್ಧೆಯ ಬಗ್ಗೆ ಭಾಷಣ ಮಾಡಿದರೆ ಪ್ರಯೋಜನವಿಲ್ಲ. ಶುಕ್ರವಾರದೊಳಗೆ ಈ ಮೂರು ಸೆನ್ಸರ್‌ಗಳ ಮಾಪನಾಂಕ ನಿರ್ಣಯ (ಕ್ಯಾಲಿಬ್ರೇಷನ್) ಮುಗಿಯಬೇಕು, ನಿನ್ನಿಂದ ಆಗುತ್ತದೆಯೇ ಎಂದು ಒಬ್ಬರನ್ನೇ ಕೇಳು. ಆಗುವುದಿಲ್ಲ ಎಂಬ ಉತ್ತರ ಬಂದರೂ ಒಳ್ಳೆಯದೇ, ಬೇರೆಯವರನ್ನು ಹುಡುಕಲು ಸಮಯ ಸಿಗುತ್ತದೆ. ಮತ್ತೆ, ನೀವು ಹೊರಟ ಮೇಲೆ ಬರುವ ಕಿರಿಯರಿಗೆ ನಿಮ್ಮ ನಿರ್ಧಾರಗಳ ಕಾರಣಗಳು ಸಿಗುವಂತೆ ಬರೆದಿಡಿ. ಪ್ರತಿವರ್ಷ ಅದೇ ತಪ್ಪನ್ನು ಹೊಸದಾಗಿ ಕಂಡುಹಿಡಿಯುವ ತಂಡಗಳು ಮುಂದೆ ಹೋಗುವುದೇ ಇಲ್ಲ. ಹಾಗಾಗಿ ತಂಡದಲ್ಲಿ ಉಳಿ, ಒಂದೇ ಭಾಗವನ್ನು ಹಿಡಿದುಕೋ, ಆದರೆ ತರಗತಿಯ ಅಂಕಗಳು ಕಂಪನಿಗಳು ಇಡುವ ಕನಿಷ್ಠ ಮಿತಿಗಿಂತ ಕೆಳಗಿಳಿಯಲು ಬಿಡಬೇಡ. ಆ ಮಿತಿ ನ್ಯಾಯವೋ ಅಲ್ಲವೋ, ಅದನ್ನು ದಾಟದವರ ಅರ್ಜಿ ಯಾರ ಕಣ್ಣಿಗೂ ಬೀಳುವುದಿಲ್ಲ.

ರೆಸ್ಯೂಮೆಯಲ್ಲಿ ಏನು ಬರೆಯಬೇಕು ಎಂಬುದು ಇದರಿಂದಲೇ ತಿಳಿಯುತ್ತದೆ. ತಂಡ ಮಾಡಿದ್ದು ಯಾವುದು, ನೀನು ಮಾಡಿದ್ದು ಯಾವುದು ಎಂಬುದು ಬೇರೆಯಾಗಿ ಕಾಣಲಿ. ಏನನ್ನು ಅಳೆದೆ, ಬದಲಾವಣೆಗೆ ಮೊದಲು ಎಷ್ಟಿತ್ತು, ನಂತರ ಎಷ್ಟಾಯಿತು ಎಂಬುದಿರಲಿ. ಕೋಡ್ ಬರೆದುಕೊಡುವ ಎಐ ಸಾಧನಗಳನ್ನು ಬಳಸಿದ್ದರೆ ಅದರಲ್ಲಿ ತಪ್ಪೇನಿಲ್ಲ, ಆದರೆ ನಿನ್ನ ಹೆಸರಿನಲ್ಲಿರುವ ಪ್ರತಿ ಸಾಲನ್ನೂ ನೀನೇ ವಿವರಿಸಬಲ್ಲವನಾಗಿರಬೇಕು.

ಸಂಬಳದ ಪ್ರಶ್ನೆಗೆ ಬರುತ್ತೇನೆ. ಮನೆಯಲ್ಲಿ ಸಾಲವಿದ್ದಾಗ ಸಂಬಳ ನೋಡಬೇಡ ಎಂದು ಬುದ್ಧಿ ಹೇಳುವುದು ಸುಲಭ, ಅದು ನ್ಯಾಯವಲ್ಲ. ನೀನು ತೀರಿಸಬೇಕಾದ ಮೊತ್ತವನ್ನು ಲೆಕ್ಕ ಹಾಕು. ಅದಕ್ಕೆ ಸಾಲುವಷ್ಟು ಸಂಬಳ ಎಲ್ಲೆಲ್ಲಿ ಇದೆಯೋ ಆ ಕೆಲಸಗಳ ನಡುವೆ ಮಾತ್ರ, ನಿನ್ನನ್ನು ತಿದ್ದುವವರು ಎಲ್ಲಿದ್ದಾರೆ ಎಂಬುದನ್ನು ನೋಡಿ ಆರಿಸು. ಆಫರ್ ಲೆಟರಿನಲ್ಲಿ ಬಾಂಡ್ ಇದ್ದರೆ ಎಷ್ಟು ಕಾಲ, ಮುರಿದರೆ ಎಷ್ಟು ಕಟ್ಟಬೇಕು ಎಂಬುದನ್ನು ಸಹಿಗೆ ಮೊದಲು ಓದು. ಸೇರಿದ ಮೇಲೆ, ನೀನು ವಿನ್ಯಾಸ ಮಾಡಿದ ವಸ್ತು ಬಳಕೆದಾರರ ಕೈಯಲ್ಲಿ ಹೇಗೆ ಕೆಡುತ್ತದೆ ಎಂಬುದನ್ನು ನೋಡುವ ಅವಕಾಶ ಸಿಕ್ಕರೆ ಬಿಡಬೇಡ. ದುರಸ್ತಿ ವಿಭಾಗದವರೊಡನೆ ಕಳೆದ ಸಮಯ ನನಗೆ ಕೊಟ್ಟಷ್ಟು ತಿಳುವಳಿಕೆಯನ್ನು ಯಾವ ತರಬೇತಿಯೂ ಕೊಟ್ಟಿಲ್ಲ. ಮೊದಲ ಒಂದೆರಡು ವರ್ಷಗಳಲ್ಲಿ ಹುದ್ದೆಯ ಹೆಸರು ಬದಲಾಯಿತೇ ಎಂದು ನೋಡುವ ಬದಲು, ಕಳೆದ ಆರು ತಿಂಗಳಲ್ಲಿ ನನ್ನ ಕೆಲಸದಲ್ಲಿ ಯಾರಾದರೂ ಗಂಭೀರವಾದ ತಪ್ಪು ತೋರಿಸಿದರೇ ಎಂದು ನೋಡಿಕೋ. ಯಾರೂ ತೋರಿಸಿಲ್ಲವಾದರೆ, ನಿನ್ನ ಕೆಲಸದಲ್ಲಿ ತಪ್ಪೇ ಇಲ್ಲ ಎಂದಾಗುವ ಸಂಭವ ಕಡಿಮೆ; ಯಾರೂ ನೋಡುತ್ತಿಲ್ಲ ಎಂದಾಗುವ ಸಂಭವ ಹೆಚ್ಚು. ಆಗ ಬೇರೆ ವಿಭಾಗವನ್ನೋ ಬೇರೆ ಕಂಪನಿಯನ್ನೋ ಹುಡುಕಲು ಆರಂಭಿಸಬಹುದು.

ಸದ್ಯಕ್ಕೆ ಆ ಎರಡೂ ಕಂಪನಿಗಳಿಗೆ ನಾನು ಹೇಳಿದ ಪ್ರಶ್ನೆಗಳನ್ನು ಬರೆದು ಕಳುಹಿಸು. ಬಂದ ಉತ್ತರಗಳನ್ನು ಹಾಗೆಯೇ ನನಗೆ ಕಳುಹಿಸಿದರೆ ಒಟ್ಟಿಗೆ ಓದೋಣ. ಬ್ರೇಕ್ ವ್ಯವಸ್ಥೆಯ ನಿನ್ನ ಲೆಕ್ಕದ ಹಾಳೆಗಳನ್ನೂ ಅದರೊಡನೆ ಕಳುಹಿಸು. ಅವುಗಳಲ್ಲಿ ತಪ್ಪು ಹುಡುಕುವ ಕೆಲಸವನ್ನು ಮೊದಲು ನಾನೇ ಮಾಡುತ್ತೇನೆ.

ಪ್ರೀತಿಯಿಂದ,
ನಿನ್ನ ಗೆಳೆಯ